ಪಟಿಕ ಹಾಕಿದ ನೀರು

"ಪೆಟ್ಟಿಗಿ ಅಲುಗಾಡಿಸಬ್ಯಾಡ್ರಿ. ಉಸರ ಬೇಕಾದ್ರ ಬಿಡ್ರಿ, ಕೈ ಮಾತ್ರ ದೂರ ಇರಲಿ," ಎಂದಳು ಮಹಾದೇವಕ್ಕ.

ಮೊರಬದ ಬೀರಲಿಂಗಪ್ಪನ ಪಡಸಾಲೆಯಲ್ಲಿ, ಗಾಜಿನ ಮೀನಿನ ಪೆಟ್ಟಿಗೆಗೆ ಮೂಗು ತಾಗಿಸಿ ಆಕೆ ಕುಳಿತು ಅರ್ಧ ತಾಸಾಗಿತ್ತು. ಗೋಡೆಯ ಗಡಿಯಾರದಲ್ಲಿ ಹನ್ನೊಂದು ಹೊಡೆದಿತ್ತು.

ಬೀರಲಿಂಗಪ್ಪನ ತೀರಿಹೋದ ಹೆಂಡತಿ ಮೈಲಾರವ್ವನ ಬಂಗಾರದ ಗುಂಡಿನ ಬೋರಮಾಳ ಸರ ಕಾಣೆಯಾಗಿ ಆರು ದಿನ, ಈ ಪೆಟ್ಟಿಗೆಯ ಮೀನು ಸತ್ತು ಎರಡು ದಿನ. ಎರಡಕ್ಕೂ ಊರು ಒಂದೇ ಹೆಸರು ಹೇಳುತ್ತಿತ್ತು: ಕಸ ಗುಡಿಸುವ ಮರೆವ್ವ.

ಮಹಾದೇವಕ್ಕ ಪೊಲೀಸಿನವಳಲ್ಲ. ನೀರು ಪರೀಕ್ಷೆಯ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ಸೀಸೆ ತೊಳೆದವಳು. ಸಹಿ ಹಾಕುವವರು ಸಾಹೇಬರು, ಸೀಸೆ ಬೆಳಕಿಗೆ ಹಿಡಿದು ಇದು ಯಾವ ಊರಿನ ನೀರು ಎಂದು ಹೇಳುವವಳು ಈಕೆ. ನಿವೃತ್ತಿಯಾಗಿ ಗುಡಗೇರಿಯಲ್ಲಿ ಸುಮ್ಮನೆ ಕುಳಿತಿರಬೇಕಾದವಳು. ಆದರೆ ಸುಮ್ಮನೆ ಕೂಡ್ರುವುದು ಆಕೆಯ ಜಾತಕದಲ್ಲೇ ಇರಲಿಲ್ಲ; ಸುದ್ದಿ ಕಿವಿಗೆ ಬಿದ್ದದ್ದೇ ಮುಂಜಾನೆ ಮೊರಬಕ್ಕೆ ಬಂದಿದ್ದಳು.

"ನೀರ ಎಷ್ಟ ಸಲ ಬದಲ ಮಾಡಿದ್ರಿ?" ಎಂದಳು, ಮುಖ ತಿರುಗಿಸದೆ.

ಉತ್ತರ ಕೊಟ್ಟವನು ಮಾಳಿಂಗರಾಯ, ಬೀರಲಿಂಗಪ್ಪನ ಮಗ. ತಂಗಿಯ ಮದುವೆಗೆ ಪಡಸಾಲೆ ಚೆಂದ ಕಾಣಲೆಂದು ಈ ಪೆಟ್ಟಿಗೆಯನ್ನು ಹುಬ್ಬಳ್ಳಿಯಿಂದ ಹೊತ್ತು ತಂದವನು ಅವನೇ.

"ಎರಡ ಸಲ್ರಿ. ಇಟ್ಟ ಮೂರನೇ ದಿನಕ್ಕ ನೀರೆಲ್ಲಾ ಅಕ್ಕಿ ತೊಳದಂಗ ಬೆಳ್ಳಗ ಆತು. ಚೆಲ್ಲಿ ಹೊಸಾದು ತುಂಬಿದೆ. ಮತ್ತ ಮೂರ ದಿನಕ್ಕ ಹಂಗ. ಮತ್ತ ಚೆಲ್ಲಿದೆ."

"ಮೂರನೇ ಸಲ?"

"ಚೆಲ್ಲಾಕ ಹೋಗಿದ್ದೆ. ಭಾಗ್ಯಾ ಬ್ಯಾಡ ಅಂದ್ಲು. ಇರಲಿ ಬಿಡು ಅಣ್ಣಾ, ತಾನ ತಿಳಿ ಆಗತೈತಿ ಅಂದ್ಲು."

"ಶಾಣ್ಯಾ ಹುಡುಗಿ," ಎಂದಳು ಮಹಾದೇವಕ್ಕ. "ಹೊಸ ನೀರು ಹೊಸ ಸೊಸಿ ಇದ್ದಂಗ. ಬಂದ ಎಂಟ್ಹತ್ತ ದಿನ ಕದಡೂದ. ಕಣ್ಣಿಗಿ ಕಾಣದ ಜೀವ ಅದರಾಗ ಹುಟ್ಟಿ, ಮೀನಿನ ಹೊಲಸ ತಿಂದು, ತಮ್ಮ ಸಂಸಾರ ಹೂಡಬೇಕು. ಅಲ್ಲೀತನಕ ಚಿಟಿಕಿ ಕಾಳ ಹಾಕಿ ತೆಪ್ಪಗಿರಬೇಕು. ನೀವು ನೀರ ಚೆಲ್ಲಿ ಚೆಲ್ಲಿ ಸೊಸಿನ್ನ ಎರಡ ಸಲ ತವರಮನಿಗಿ ಕಳಿಸಿದ್ರಿ."

ಬೀರಲಿಂಗಪ್ಪ ನಗಲಿಲ್ಲ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಹೊಸ ಚಪ್ಪಲಿ. ಹೊರಡಲು ತಯಾರಾಗಿ ನಿಂತಿದ್ದ.

"ಅಕ್ಕಾರ, ಮೀನಿನ ಪಾಠ ಆಮ್ಯಾಲೆ ಕೇಳ್ತೇನಿ. ಹನ್ನೆರಡರ ಬಸ್ಸಿಗಿ ನಾ ನವಲಗುಂದಕ್ಕ ಹೊಂಟೇನಿ. ಮಾಳ್ಯಾ ಅರ್ಜಿ ಬರದಿಟ್ಟಾನ. ಅಷ್ಟರಾಗ ನಿಮಗ ಏನರ ಗೊತ್ತಾದ್ರ ಹೇಳ್ರಿ. ಇಲ್ಲಾಂದ್ರ ಠಾಣೇದವ್ರ ನೋಡ್ಕೋತಾರ."

ಅರ್ಜಿಯಲ್ಲಿ ಬರೆದ ಹೆಸರು ಒಂದೇ. ಒಮ್ಮೆ ಠಾಣೆಯ ಪುಸ್ತಕಕ್ಕೆ ಅದು ಏರಿತೆಂದರೆ ಮರೆವ್ವನಿಗೆ ಮೊರಬದಲ್ಲಿ ಇನ್ನೊಂದು ಮನೆಯ ಅಂಗಳ ತೆರೆಯುವುದಿಲ್ಲ. ಕಳ್ಳಿ ಎಂಬ ಮಾತು ಮನುಷ್ಯರಿಗಿಂತ ಹೆಚ್ಚು ಕಾಲ ಬದುಕುತ್ತದೆ. ಇದನ್ನು ಬೀರಲಿಂಗಪ್ಪನೂ ಬಲ್ಲ, ಬಲ್ಲವನಾದ್ದರಿಂದಲೇ ಅವನು ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಮಹಾದೇವಕ್ಕ ಚೀಲದಿಂದ ಕಿರುಬೆರಳಿನಷ್ಟಗಲದ ನೀಲಿ ಕಾಗದದ ಪಟ್ಟಿ ತೆಗೆದು ನೀರಿನ ಮೇಲ್ಮೈಗೆ ಮುಟ್ಟಿಸಿದಳು. ಪಟ್ಟಿ ಕೆಂಪಗಾಯಿತು.

"ಹುಳಿ ಆಗೇತಿ ನೀರು. ಪಟಿಕ."

ಮೊರಬದಲ್ಲಿ ಪಟಿಕ ಇಲ್ಲದ ಮನೆಯಿಲ್ಲ. ಕಾಲುವೆಯ ನೀರು ಕೆರೆಗೆ, ಕೆರೆಯ ನೀರು ಕೊಡಕ್ಕೆ. ಎರೆಮಣ್ಣಿನ ಬಣ್ಣ ಮಾತ್ರ ಕೊನೆತನಕ ಜೊತೆಗೇ ಬರುತ್ತದೆ. ಕಲ್ಲುಸಕ್ಕರೆಯಂಥ ಪಟಿಕದ ಹಳಕನ್ನು ಹಿಡಿದು ಕೊಡದಲ್ಲಿ ಮೂರು ಸುತ್ತು ತಿರುವಿದರೆ ರಾಡಿಯೆಲ್ಲ ತಳಕ್ಕೆ ಕೂಡ್ರುತ್ತದೆ. ಈಗ ಊರಿಗೆ ಶುದ್ಧ ನೀರಿನ ಘಟಕ ಬಂದಿದೆ. ಪಟಿಕ ಮಾತ್ರ ಗೋಡೆಯ ಮಾಡದಿಂದ ಇಳಿದಿಲ್ಲ.

"ನಾ ಹೇಳಲಿಲ್ಲೇನ್ರಿ?" ಮಾಳಿಂಗರಾಯ ಮುಂದೆ ಬಂದ. "ರವಿವಾರ ಮಧ್ಯಾಹ್ನ ಆಕೀನ ಹಾಕ್ಯಾಳ. ಸೋಮವಾರ ಮುಂಜಾನಿ ಕೇಳಿದ್ರ, ಹೌದ್ರಿ ನಾನ ಹಾಕೇನಿ ಅಂತ ಬಾಯಿಬಿಟ್ಟ ಹೇಳಿದ್ಲು. ವಿಷಾ ಹಾಕಾಕ ಹೇಸದಾಕಿ ಸರಾ ಬಿಡ್ತಾಳೇನು? ನಾಕ ಮೀನ ಸತ್ತುವು. ಐದನೇದ ಹೆಣಾನೂ ಸಿಗಲಿಲ್ಲ. ಅದನ್ನೂ ಒಯ್ದಾಳ!"

"ವಿಷಾ ಅಲ್ಲೋ ತಮ್ಮಾ, ಕರಳು. ಅಳತಿ ತಪ್ಪೇತಿ ಅಷ್ಟ." ಮಹಾದೇವಕ್ಕನ ದನಿ ಸ್ವಲ್ಪ ಏರಿತು. "ಕೊಡಕ್ಕ ಮೂರ ಸುತ್ತ ಆದ್ರ ಇಷ್ಟ ದೊಡ್ಡ ಪೆಟ್ಟಿಗಿಗಿ ಒಂದ ಇಡೀ ಹಳಕ ಬೇಕಂತ ಒಗದಾಳ. ಮನುಷ್ಯಾರಿಗಿ ತಿಳಿನೀರ ಬೇಕು, ಮೀನಿಗಿ ಬ್ಯಾಡೇನು ಅಂದಿರಬೇಕು. ನಮ್ಮ ಆಫೀಸಿನ ಪೆಟ್ಟಿಗ್ಯಾಗ ನಾನೂ ಇದ ತಪ್ಪ ಮಾಡಿದ್ದೆ. ಆರ ಮೀನ ಕೊಂದೆ. ಸಾಹೇಬ್ರು ಮೂರ ದಿನ ಮಾತ ಬಿಟ್ರು. ಆದ್ರ ನನ್ನ ಯಾರೂ ಕಳ್ಳಿ ಅನ್ನಲಿಲ್ಲ. ಯಾಕ ಅನ್ನಲಿಲ್ಲ, ನೀವ ಹೇಳ್ರಿ?"

ಉತ್ತರ ಎಲ್ಲರಿಗೂ ಗೊತ್ತಿತ್ತು.

ಮರೆವ್ವ ಇಪ್ಪತ್ತೈದು ವರ್ಷದಿಂದ ಈ ಮನೆಯ ಅಂಗಳ ಗುಡಿಸಿದ್ದಾಳೆ, ದನದ ಕೊಟ್ಟಿಗೆ ತೊಳೆದಿದ್ದಾಳೆ. ಪಡಸಾಲೆಯ ಕಸ ತೆಗೆದಿದ್ದಾಳೆ. ನಡುಮನೆಯ ಹೊಸ್ತಿಲು ಮಾತ್ರ ದಾಟಿಲ್ಲ. ಕುಡಿಯುವ ನೀರಿನ ಕೊಡ ಮುಟ್ಟಿಲ್ಲ. ಹಾಗೆಂದು ಯಾರೂ ಬೋರ್ಡು ಬರೆದು ಹಾಕಿರಲಿಲ್ಲ. ಬರೆಯುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ.

"ಬೀರಲಿಂಗಪ್ಪ, ಸರಾ ಇದ್ದ ಸಂದೂಕ ಎಲ್ಲೈತಿ?"

"ದೇವರ ಕೋಣ್ಯಾಗ."

"ನಡುಮನಿ ದಾಟಿ. ಅಲ್ಲಾ, ಇಪ್ಪತ್ತೈದ ವರ್ಷ ನೀವ ದಾಟಗೊಡದ ಹೊಸ್ತಿಲ ಆಕಿ ಯಾವಾಗ ದಾಟಿದ್ಲು?"

"ಕಳುವಿಗಿ ಹೊಸ್ತಿಲ ಅಡ್ಡ ಬರ್ತೈತೇನ್ರಿ?" ಎಂದ ಬೀರಲಿಂಗಪ್ಪ. ಆದರೆ ದನಿಯಲ್ಲಿ ಗಟ್ಟಿತನ ಇರಲಿಲ್ಲ. "ಸಂದೂಕದ ಕೀಲಿ ನನ್ನ ಉಡದಾರದಾಗ ಇರ್ತೈತಿ. ಆಕಿ ಸತ್ತ ದಿನದಿಂದ, ಹದಿನೆಂಟ ವರ್ಷ."

"ಜಳಕಾ ಮಾಡೂವಾಗ?"

"ಗೂಟಕ್ಕ ತೂಗ ಹಾಕ್ತೇನಿ."

"ಹಂಗಂದ್ರ ದಿನಾ ಅರ್ಧ ತಾಸ ಆ ಕೀಲಿ ಈ ಮನಿ ಎಲ್ಲಾರದೂ," ಎಂದು ಮಹಾದೇವಕ್ಕ ಮತ್ತೆ ಗಾಜಿಗೆ ಮುಖ ಹಚ್ಚಿದಳು.

ಈಗ ಆಕೆಗೆ ಬೇಕಾದದ್ದು ನೀರಲ್ಲ, ನೀರಿನ ತಳ.

ನೀರು ಕನ್ನಡಿಯಷ್ಟು ತಿಳಿಯಾಗಿತ್ತು. ಪಟಿಕ ತನ್ನ ಕೆಲಸ ಮಾಡಿತ್ತು. ಕದಡಿದ್ದೆಲ್ಲ ಕೆಳಗಿಳಿದು ಕರಿ ಉಸುಕಿನ ಮೇಲೆ ಬಿಳಿ ಪದರಾಗಿ ಕೂತಿತ್ತು, ರೊಟ್ಟಿ ಬಡಿಯುವ ಮೊದಲು ಹಲಿಗೆಯ ಮೇಲೆ ಹಿಟ್ಟು ಉದುರಿಸಿದ ಹಾಗೆ. ಮೀನು ಸತ್ತ ಮೇಲೆ ಗಾಳಿಯ ಮೋಟರು ಬಂದ್ ಮಾಡಿದ್ದರು. ಅಲುಗಾಡಿಸುವ ಜೀವ ಒಳಗೆ ಒಂದೂ ಇರಲಿಲ್ಲ. ಪದರು ಎಲ್ಲಿಯೂ ಒಡೆದಿರಬಾರದು.

ಹಿಂದಿನ ಎಡಮೂಲೆಯಲ್ಲಿ ಒಡೆದಿತ್ತು.

ನಾಲ್ಕು ಬೆರಳು ಎಳೆದ ಗೆರೆ. ಗೆರೆಯೊಳಗೆ ಕರಿ ಉಸುಕು ಇಣುಕುತ್ತಿತ್ತು. ಅದರ ಪಕ್ಕಕ್ಕೆ ತೆಳ್ಳಗಿನ ಸಣ್ಣ ಗೆರೆಗಳು ಒಂದರ ಬಾಜು ಒಂದು, ಹಣಿಗೆ ಎಳೆದಂತೆ. ಮಹಾದೇವಕ್ಕ ಎಣಿಸಿದಳು. ಹನ್ನೊಂದು.

ಪದರಿನ ಅಂಚು ಗಾಜಿಗೆ ತಾಗಿದಲ್ಲಿ ಇನ್ನೊಂದು ಸಂಗತಿ ಕಂಡಿತು. ಬಿಳಿ ಪದರಿನ ಅಡಿಗೆ ಉಬ್ಬಿದ ರವೆಯ ಕಾಳು. ಒಂದೆರಡಲ್ಲ, ಹಿಡಿಗಟ್ಟಲೆ. ಮೀನಿಗೆ ಇಷ್ಟು ರವೆ ಯಾರೂ ಹಾಕುವುದಿಲ್ಲ. ನೀರು ತಿಳಿಯಾಗಬಾರದು ಎನ್ನುವವರು ಹಾಕುತ್ತಾರೆ.

ಆಕೆ ಮೊಣಕಾಲು ಹಿಡಿದುಕೊಂಡು ಎದ್ದಳು.

"ಸೋಮವಾರ ಮುಂಜಾನಿ ಮರೆವ್ವನ್ನ ಹೊರಗ ಹಾಕಿದ್ರಿ. ಆಮ್ಯಾಲೆ ಆಕಿ ಈ ಮನಿ ಕಡೆ ಬಂದಾಳೇನು?"

"ಅಂಗಳಾ ತುಳಿಯಾಕ ಬಿಟ್ಟಿಲ್ಲ," ಎಂದ ಮಾಳಿಂಗರಾಯ.

"ಛಲೋ ಆತು. ಅದ ಆಕೀನ್ನ ಉಳಿಸೇತಿ. ಈಗ ಅಪ್ಪ ಮಗ ಇಬ್ಬರೂ ಹೊರಗ ಕಟ್ಟಿ ಮ್ಯಾಲೆ ಕೂಡ್ರಿ. ನಾ ಕೈ ತೊಳೀಬೇಕು. ಭಾಗ್ಯಾ ನೀರ ಹಾಕ್ತಾಳ."

ಭಾಗ್ಯಾ ತಂಬಿಗೆ ಹಿಡಿದು ಬಂದಳು. ಇಪ್ಪತ್ತರ ಹುಡುಗಿ. ಒಂಬತ್ತು ದಿನದಲ್ಲಿ ಮದುವೆ. ಮುಖದಲ್ಲಿ ಮಾತ್ರ ಮದುವೆಯ ಕಳೆ ಇರಲಿಲ್ಲ, ಕಣ್ಣು ಬಾತಿದ್ದವು. ಎರಡೂ ಕೈಗಳಲ್ಲಿ ಹೊಸ ಹಸಿರು ಬಳೆ.

ಮಹಾದೇವಕ್ಕ ಕೈಯೊಡ್ಡಲಿಲ್ಲ. ಬದಲಿಗೆ ಹುಡುಗಿಯ ಬಲಗೈ ಮೆಲ್ಲಗೆ ಹಿಡಿದುಕೊಂಡಳು.

"ಬಳಿ ಯಾವಾಗ ಇಡಿಸಿದ್ರವ್ವಾ?"

"ಶುಕ್ರವಾರ್ರಿ."

"ಒಂದ ಕೈಗಿ ಎಷ್ಟು?"

"ಹನ್ನೊಂದ್ರಿ."

"ತಗದಿದ್ದೇನು ನಡುವ?"

"ತಗೀಬಾರದಂತಲ್ರಿ, ಅಕ್ಕಿಕಾಳ ಬೀಳೂತನಕ."

"ಹೌದು, ತಗೀಬಾರದು. ನೀ ಶಾಸ್ತ್ರ ಮುರದಿದ್ರ ನಾ ಇವತ್ತ ಬರಿಗೈಲೆ ಗುಡಗೇರಿಗಿ ಹೋಗ್ತಿದ್ದೆ." ಮಹಾದೇವಕ್ಕ ಮೂಲೆಯತ್ತ ಬೆರಳು ತೋರಿಸಿದಳು. "ಆ ಬಿಳೇ ಪದರ ನೋಡು. ಅದು ಕೂತದ್ದು ಸೋಮವಾರ. ಅದರ ಮ್ಯಾಲೆ ಕೈ ಆಡೇತಿ ಅಂದ್ರ ಅದು ಕೂತಮ್ಯಾಲೆ ಆಡೇತಿ. ಬೆರಳಿನ ಬಾಜು ಸಣ್ಣ ಗೆರಿ ಅದಾವ. ಹನ್ನೊಂದ ಅದಾವ. ಮರೆವ್ವನ ಕೈಯಾಗ ಒಂದೂ ಬಳಿ ಇಲ್ಲ. ನಾ ಮುಂಜಾನೆ ಆಕಿ ಮನಿಗಿ ಹೋಗಿ ನೋಡಿ ಬಂದೇನಿ."

ತಂಬಿಗೆ ಕೈಯಿಂದ ಜಾರಿತು. ನೀರು ನೆಲದ ಮೇಲೆ ಹರಿಯಿತು. ಯಾರೂ ಒರೆಸಲಿಲ್ಲ.

"ನಾನು ಕದ್ದಿಲ್ರಿ," ಎಂದಳು ಭಾಗ್ಯಾ.

"ಗೊತ್ತೈತಿ. ನಿಂದ ನೀ ಹೆಂಗ ಕದೀತಿ? ಮುಚ್ಚಿಟ್ಟಿ. ಯಾಕ ಮುಚ್ಚಿಟ್ಟಿ ಅದನ್ನ ಹೇಳು."

ಹುಡುಗಿ ಗೋಡೆಗೆ ಒರಗಿ ಕುಸಿದು ಕುಳಿತಳು. ಮಾತು ತಡವರಿಸಿ ಬಂತು.

"ಮುರಸ್ತಾರಂತ್ರಿ. ಬೋರಮಾಳ ಈಗ ಯಾರ ಹಾಕ್ಕೋತಾರ, ಅದನ್ನ ಕರಗಿಸಿ ಹೊಸ ನಮೂನಿ ನೆಕ್ಲೇಸ್ ಮಾಡಸೂಣು ಅಂತ ಅಣ್ಣ ಕುಂತ. ಬ್ಯಾಡ ಅಂದೆ. ಯಪ್ಪಾ ಏನಂದ್ರೂ ಅಣ್ಣನ ಕೇಳು ಅಂತಾನ. ನಾ ಎರಡ ವರ್ಷದಾಕಿ ಇದ್ದಾಗ ಅವ್ವ ಸತ್ಲು. ಆಕಿ ಮುಖ ನನಗ ನೆನಪಿಲ್ರಿ. ಫೋಟೋದಾಗ ಕೊರಳಾಗ ಆ ಸರ ಐತಿ, ಅಷ್ಟ ನೆನಪು. ಅದನ್ನೂ ಕರಗಿಸಿದ್ರ ಅವ್ವ ಪೂರ್ತಿ ಹೋದಂಗಲ್ರಿ?"

ಮಹಾದೇವಕ್ಕ ಗಡಿಯಾರದ ಕಡೆ ನೋಡಿದಳು. ಕರುಳಿನ ಮಾತು ಕೇಳುತ್ತ ಕುಳಿತರೆ ಹನ್ನೆರಡರ ಬಸ್ಸು ಬಂದುಬಿಡುತ್ತದೆ.

"ಬೆಳ್ಳನ ನೀರು ನಿನಗ ಛಲೋ ಮರೆ ಆತು. ಗುರುವಾರ ಅಪ್ಪ ಜಳಕಕ್ಕ ಹೋದಾಗ ಕೀಲಿ ತಗೊಂಡಿ, ಉಸುಕಿನ ಅಡಿಗಿ ಹುಗದಿ. ನೀರ ತಿಳಿ ಆಗಬಾರದಂತ ದಿನಾ ರವಾ ಒಗದಿ."

"ಹೌದ್ರಿ."

"ಮರೆವ್ವ ಪಟಿಕ ಹಾಕಿದ್ಲು, ನೀರ ತಿಳಿ ಆತು. ಗಂಟ ಕಾಣಸ್ತೈತೇನೋ ಅಂತ ಹೆದರಿ ಸೋಮವಾರ ಕೈ ಹಾಕಿ ಇನ್ನೂ ಕೆಳಗ ಒತ್ತಿದಿ."

"ಹೌದ್ರಿ."

"ಅದ ಸೋಮವಾರ ಮರೆವ್ವನ್ನ ಅಂಗಳದಾಗ ನಿಲ್ಲಿಸಿ ಕಳ್ಳಿ ಅಂದ್ರು. ಅರ್ಜಿ ಬರದ್ರು. ಆವಾಗ ನೀ ಏನ ಮಾಡಾಕತ್ತಿದ್ದಿ?"

"ರೂಮಿನ್ಯಾಗ ಅಳಾಕತ್ತಿದ್ದೆ."

"ಅಳೂದು ಸಾಕ್ಷಿ ಆಗೂದಿಲ್ಲವ್ವಾ." ದನಿಯಲ್ಲಿ ಸಿಟ್ಟಿತ್ತು, ಹುಡುಗಿಯ ತಲೆಯ ಮೇಲಿಟ್ಟ ಕೈಯಲ್ಲಿ ಸಿಟ್ಟಿರಲಿಲ್ಲ. "ಅವ್ವ ಹೋದಮ್ಯಾಲೆ ನಿನ್ನ ಯಾರ ಎತ್ತಿ ಆಡಿಸಿದ್ರು?"

ಭಾಗ್ಯಾ ಎದ್ದಳು. ಬಳೆಯ ಕೈಯನ್ನು ಮೊಣಕೈ ತನಕ ನೀರಿಗೆ ಇಳಿಸಿದಳು. ಬಿಳಿ ಪದರು ಎದ್ದು ನೀರೆಲ್ಲ ಮತ್ತೆ ಕದಡಿತು. ಆ ಕದಡಿನಿಂದ ಅವಳ ಕೈ ಒಂದು ಪುಟ್ಟ ಗಂಟಿನೊಂದಿಗೆ ಮೇಲೆ ಬಂತು, ಇಳಕಲ್ ಸೀರೆಯ ಸೆರಗಿನ ತುಂಡಿನಲ್ಲಿ ಕಟ್ಟಿದ ಗಂಟು.

"ಸಂದೂಕದಾಗ ಹಿಂಗ ಕಟ್ಟಿತ್ತು. ನಾ ಬಿಚ್ಚೇ ನೋಡಿಲ್ರಿ. ಮದುವಿ ದಿನಾನ ಬಿಚ್ಚಬೇಕಂತ ಮಾಡಿದ್ದೆ."

ಮಹಾದೇವಕ್ಕ ಬಿಚ್ಚಿದಳು. ಬಾರಿಹಣ್ಣಿನ ಗಾತ್ರದ ಹಳದಿ ಗುಂಡುಗಳು, ಕೆಂಪು ದಾರದಲ್ಲಿ ಪೋಣಿಸಿದವು. ಗುಂಡುಗಳ ನಡುವೆ ದಾರ ಅಲ್ಲಲ್ಲಿ ಹಸಿರಾಗಿತ್ತು. ಪಾಚಿ ಹಿಡಿದಿರಬೇಕು ಎಂದುಕೊಂಡಳು. ಮೂವತ್ತೊಂದು ವರ್ಷದ ಅನುಭವವೂ ಅವಸರದಲ್ಲಿ ಒಮ್ಮೊಮ್ಮೆ ಕಣ್ಣುಮುಚ್ಚುತ್ತದೆ.

"ನಡಿ. ಅಪ್ಪಗ ನೀನ ಹೇಳು. ನಾ ಬಾಜು ನಿಂತಿರ್ತೇನಿ."

ಕಟ್ಟೆಯ ಮೇಲೆ ಮಗಳ ಮಾತು ಕೇಳಿ ಬೀರಲಿಂಗಪ್ಪ ಕೈಯಲ್ಲಿದ್ದ ಹೊಸ ಚಪ್ಪಲಿ ಕೆಳಗಿಟ್ಟ.

"ಮುರಸಬ್ಯಾಡ ಯಪ್ಪಾ ಅಂತ ಒಂದ ಮಾತ ಹೇಳಿದ್ರ ಸಾಕಿತ್ತಲ್ಲ ಬೇ."

"ಹೇಳಿದ್ದೆ. ಅಣ್ಣನ ಕೇಳು ಅಂದಿ."

ಮುದುಕನಿಗೆ ನೆನಪಾಯಿತು. ಹೌದು, ಅಂದಿದ್ದ. ಕುರಿ ಕಾಯುವ ಕಾಲದಲ್ಲಿ ಒಂದು ಮರಿ ಒದರಿದರೆ ಯಾವ ಮರಿ ಎಂದು ಕತ್ತಲಲ್ಲೂ ಹೇಳುತ್ತಿದ್ದವನು, ತನ್ನ ಮಗಳ ದನಿ ಕೇಳಿಸಿಕೊಂಡಿರಲಿಲ್ಲ.

"ಸಿಕ್ತಲ್ಲ, ಮುಗೀತು ಬಿಡ್ರಿ," ಎಂದ ಮಾಳಿಂಗರಾಯ, ಕೈ ಚಾಚಿ. "ಕೊಡು ಇಲ್ಲೆ. ಇವತ್ತ ಹುಬ್ಬಳ್ಳಿಗಿ ಒಯ್ದ ಅಕ್ಕಸಾಲಿಗ್ಯಾಗ ಕೊಟ್ಟ ಬರ್ತೇನಿ. ಅವಂಗೂ ಟೈಮ್ ಬೇಕು."

"ಮುರಸೂದಿಲ್ಲ," ಎಂದ ಬೀರಲಿಂಗಪ್ಪ. "ಮೊದಲ ಮರೆವ್ವನ್ನ ಕರೀರಿ. ಕರಿಯೂದಲ್ಲ, ನಾನ ಹೋಗಿ..."

ಹೋಗುವುದು ಬೇಕಾಗಲಿಲ್ಲ. ಮರೆವ್ವ ಅಂಗಳದ ಬಾಗಿಲಲ್ಲೇ ನಿಂತಿದ್ದಳು.

ಐವತ್ತು ದಾಟಿದ ಹೆಂಗಸು. ತಲೆಯ ಮೇಲೆ ಸೆರಗು, ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದ ಅಲ್ಯೂಮಿನಿಯಂ ಡಬ್ಬಿ. ಹನ್ನೆರಡರ ಬಸ್ಸಿಗೆ ಅರ್ಜಿ ಹೋಗುತ್ತದೆಂದು ಇಡೀ ಊರಿಗೆ ಗೊತ್ತಿದ್ದಾಗ ಅವಳಿಗೆ ಗೊತ್ತಿರದೆ ಇರುತ್ತದೆಯೇ?

"ಯಪ್ಪಾರ, ಠಾಣೇಕ ಹೋಗೂದಕ್ಕ ಮೊದಲ ಇದನ್ನ ತಗೋರಿ. ಆಮ್ಯಾಲೆ ಇದನ್ನೂ ಕದ್ದಾಳ ಅಂತ ಬರೀಬ್ಯಾಡ್ರಿ."

ಮಾಳಿಂಗರಾಯ ಅವಳ ಕೈಯಲ್ಲಿದ್ದ ಡಬ್ಬಿಯ ಮುಚ್ಚಳ ಕಿತ್ತು ತೆಗೆದ. ಒಳಗೆ ಕೆರೆಯ ರಾಡಿ ನೀರು. ನೀರಲ್ಲಿ ಬೆರಳುದ್ದದ ಕೆಂಪು ಮೀನು, ಬಾಲ ಆಡಿಸುತ್ತ.

"ಐದನೇದು," ಎಂದಳು ಮಹಾದೇವಕ್ಕ.

"ಸೋಮವಾರ ನನ್ನ ಹೊರಗ ಹಾಕೂವಾಗ ಅದೊಂದ ಬಾಯಿ ತಗದ ತಗದ ಮುಚ್ಚಾಕತ್ತಿತ್ರಿ. ಜೀವ ಐತಿ ಅಂತ ಬುತ್ತಿ ಡಬ್ಬ್ಯಾಗ ಹಾಕ್ಕೊಂಡ ಒಯ್ದೆ. ಪಟಿಕ ಹಾಕಲಾರದ ನೀರಾಗ ಇಟ್ಟೆ. ಬದುಕಿತು. ಆವಾಗ ಗೊತ್ತಾತು, ಉಳದ ನಾಕನ್ನ ನಾನ ಕೊಂದೇನಂತ." ಮರೆವ್ವ ಡಬ್ಬಿಯೊಳಗೆ ನೋಡಿದಳು. "ಅವು ಒಂದರ ಮುಖ ಒಂದ ನೋಡಾಕ ಆಗದಂಗ ಆ ಬೆಳ್ಳನ ನೀರಾಗ ಅಡ್ಡಾಡ್ತಿದ್ದುವ್ರಿ. ನೋಡಾಕ ಆಗಲಿಲ್ಲ. ಈ ಮನ್ಯಾಗ ನಾ ಮುಟ್ಟಬಹುದಾದ ನೀರಂದ್ರ ಅದೊಂದ ಇತ್ತು. ಅದನ್ನರ ತಿಳಿ ಮಾಡೂಣು ಅನಿಸ್ತು."

ಬೀರಲಿಂಗಪ್ಪ ಕಟ್ಟೆಯಿಂದ ಇಳಿದ. ಮುದುಕರು ಕ್ಷಮೆ ಕೇಳುವುದನ್ನು ನೀವು ನೋಡಿದ್ದೀರೋ ಇಲ್ಲವೋ, ಅವರಿಗೆ ಆ ಮಾತು ಬರುವುದಿಲ್ಲ. ಬೇರೆ ಏನೋ ಹೇಳುತ್ತಾರೆ.

"ಮರೆವ್ವಾ, ಒಳಗ ಬಾ."

"ಇಲ್ಲೇ ಇರ್ತೇನಿ ಬಿಡ್ರಿ."

"ಒಳಗ ಬಾ ಅಂದೆ. ನಡುಮನ್ಯಾಗ ಬಾ."

ಆಕೆ ಬಂದಳು. ನಡುಮನೆಯ ಹೊಸ್ತಿಲ ಮುಂದೆ ಕಾಲು ತಾನಾಗಿ ನಿಂತುಬಿಟ್ಟಿತು. ಭಾಗ್ಯಾ ಅವಳ ಕೈ ಹಿಡಿದು ಎಳೆದುಕೊಂಡಳು. ಇಪ್ಪತ್ತೈದು ವರ್ಷದಲ್ಲಿ ದಾಟದ್ದು ಒಂದು ಹೆಜ್ಜೆಯಲ್ಲಿ ಮುಗಿಯಿತು. ಮರೆವ್ವನಿಗೆ ಎಲ್ಲಿ ನೋಡಬೇಕೆಂದೇ ತಿಳಿಯಲಿಲ್ಲ.

"ತಪ್ಪ ನಂದು, ಆಯೀ," ಎಂದು ಭಾಗ್ಯಾ ಅವಳ ಹೆಗಲ ಮೇಲೆ ಮುಖವಿಟ್ಟು ಅತ್ತಳು. ಆಮೇಲೆ ಅವಳ ಕೈಯಿಂದ ಡಬ್ಬಿ ತೆಗೆದು ಕೆಳಗಿಟ್ಟು, ಸೆರಗಿನ ತುಂಡು ಬಿಚ್ಚಿ ಸರವನ್ನು ಅವಳ ಬೊಗಸೆಗೆ ಹಾಕಿದಳು. "ಅವ್ವನ್ನ ನೋಡಿದಾಕಿ ನೀನು. ನೀನ ನನ್ನ ಕೊರಳಿಗಿ ಹಾಕು."

"ನಾ ಬಸ್ಸಿನವಗ ನಿಲ್ಲಬ್ಯಾಡ ಅಂತ ಹೇಳಿ ಬರ್ತೇನಿ," ಎಂದು ಮಾಳಿಂಗರಾಯ ಹೊರಗೆ ನಡೆದ. ಬಸ್ಸು ನಿಲ್ಲುವುದು ಮನೆಯೆದುರಿನ ಬೇವಿನ ಮರದ ಕೆಳಗೆ. ದೂರದಿಂದ ಹಾರ್ನು ಕೇಳುತ್ತಿತ್ತು.

ಮರೆವ್ವ ಸರ ಹಾಕಲಿಲ್ಲ. ಒಂದೊಂದೇ ಗುಂಡನ್ನು ಹೆಬ್ಬೆರಳಿನಿಂದ ಸವರುತ್ತ ಸುತ್ತು ಮುಗಿಸಿದಳು. ಮತ್ತೆ ಮೊದಲಿನಿಂದ ಶುರು ಮಾಡಿದಳು. ಅವಳ ಮುಖದ ಮೇಲೆ ಈಗಷ್ಟೇ ಬಂದಿದ್ದ ನಗೆ ಮೆಲ್ಲಗೆ ಹೋಯಿತು.

ಆಕೆ ಸರವನ್ನು ನೋಡಿದಳು. ಬೀರಲಿಂಗಪ್ಪನನ್ನು ನೋಡಿದಳು. ಬಾಯಿ ತೆರೆದು ಮುಚ್ಚಿದಳು.

ಮಹಾದೇವಕ್ಕನಿಗೆ ಅರ್ಥವಾಗಿಬಿಟ್ಟಿತು, ಏನೆಂದಲ್ಲ, ಏನೋ ಇದೆಯೆಂದು. "ಏನೈತಿ ಹೇಳು. ಹೆದರಬ್ಯಾಡ."

"ಹೇಳಿದ್ರ ಮತ್ತ ನನ್ನ ಮ್ಯಾಲೆ ಬರ್ತೈತ್ರಿ ಅಕ್ಕಾ."

"ಬಂದ್ರ?"

"ಬರಲಿ ಬಿಡ್ರಿ." ಮರೆವ್ವ ಭಾಗ್ಯಾಳ ಗಲ್ಲ ಮುಟ್ಟಿದಳು. "ಈ ಕೂಸಿನ ಕೊರಳಿಗಿ ನನ್ನ ಕೈಲೆ ಸುಳ್ಳ ಹೆಂಗ ಹಾಕ್ಲಿ? ಇದು ಮೈಲಾರವ್ವಕ್ಕಾರ ಸರ ಅಲ್ಲ."

ಮರೆವ್ವ ಭಾಗ್ಯಾಳ ಕಡೆ ಕೈ ತೋರಿಸಿದಳು.

"ಇದಕ್ಕ ಹಲ್ಲ ಬರೂವಾಗ ಕೈಗಿ ಸಿಕ್ಕದ್ದೆಲ್ಲಾ ಕಚ್ಚೂದು. ಅಕ್ಕಾರ ಕೊರಳ ಸರಾ ಹಿಡದ ಒಂದ ಗುಂಡ ಕಚ್ಚಿಬಿಡ್ತು. ಮ್ಯಾಲೆ ತೆಳ್ಳನ ಬಂಗಾರ, ಒಳಗ ಅರಗು. ಗುಂಡಿಗಿ ಎರಡ ಹಲ್ಲಿನ ತಗ್ಗ ಬಿತ್ತು. ನಾ ಹಿತ್ತಲ ಬಾಗಲದಾಗ ಇದ್ದೆ. ಅಕ್ಕಾರ ನಕ್ಕೋತ ತಂದ ನನ್ನ ಕೈಯಾಗ ಕೊಟ್ಟ ತೋರಿಸಿದ್ರು. ಅಕ್ಕಸಾಲಿಗ್ಯಾಗ ಒಯ್ದ ಸರಿ ಮಾಡಸ್ರಿ ಅಂದೆ. ಬ್ಯಾಡ ಮರೆವ್ವಾ, ಮದುವಿ ದಿನ ಇದನ್ನ ಆಕಿಗಿ ತೋರಸೂಣು ಅಂದ್ರು." ಮರೆವ್ವ ಸರ ಎತ್ತಿ ಹಿಡಿದಳು. "ಇದರಾಗ ತಗ್ಗಿನ ಗುಂಡ ಇಲ್ರಿ. ಎರಡ ಸಲ ಸವರಿದೆ. ಎಲ್ಲಾ ನುಣ್ಣಗ ಅದಾವ."

ಮಹಾದೇವಕ್ಕ ಸರವನ್ನು ಕಿಟಕಿಯ ಬೆಳಕಿಗೆ ಒಯ್ದಳು. ದಾರದ ಮೇಲಿನ ಹಸಿರು. ಛೇ! ಇಪ್ಪತ್ತು ದಿನದ ಹೊಸ ಪೆಟ್ಟಿಗೆಯಲ್ಲಿ, ಬೆಳಕು ಕಾಣದ ಉಸುಕಿನ ಅಡಿಯಲ್ಲಿ ಪಾಚಿ ಎಲ್ಲಿಂದ ಬರಬೇಕು? ಪಟಿಕದ ಹುಳಿ ನೀರು ಕುಡಿದು ಹಸಿರು ಬಿಡುವುದು ಹಿತ್ತಾಳೆ. ಬಂಗಾರ ನೂರು ವರ್ಷ ನೆನೆದರೂ ಬಿಡುವುದಿಲ್ಲ.

"ಆಕಿ ಹೇಳಿದ್ದ ಖರೇ ಐತಿ," ಎಂದಳು. "ಭಾಗ್ಯಾ ಮುಚ್ಚಿಡೂದಕ್ಕ ಮೊದಲ ಸಂದೂಕದಾಗ ಇದ್ದದ್ದ ಇದು. ಯಾರೋ ಮೊದಲ ಬದಲ ಮಾಡ್ಯಾರ. ಇದನ್ನ ಕರಗಿಸಿಬಿಟ್ರ ಬದಲ ಮಾಡಿದ್ದು ಎಂದೂ ಗೊತ್ತಾಗೂದಿಲ್ಲ. ಬೀರಲಿಂಗಪ್ಪ, ಮುರಸೂಣು, ನಾನ ಒಯ್ತೇನಿ ಅಂತ ಕುಂತವ್ರ ಯಾರು?"

ಬೀರಲಿಂಗಪ್ಪನ ಕೈ ತಾನಾಗಿ ಉಡದಾರದ ಕೀಲಿಗೆ ಹೋಯಿತು. ಹದಿನೆಂಟು ವರ್ಷ ಕಾದ ಕೀಲಿ. ಅವನ ಕಣ್ಣು ಮಗ ಹೋದ ಬಾಗಿಲತ್ತ ತಿರುಗಿತು.

ಹೊರಗೆ ಬಸ್ಸು ನಿಂತ ಸಪ್ಪಳ. ಕಂಡಕ್ಟರನ ಸೀಟಿ. ಮತ್ತೆ ಬಸ್ಸು ಹೊರಟ ಸಪ್ಪಳ.

ಮಹಾದೇವಕ್ಕ ಬಾಗಿಲಿಗೆ ಓಡಿದಳು. ಬೇವಿನ ಮರದ ಕೆಳಗೆ ಯಾರೂ ಇರಲಿಲ್ಲ. ನವಲಗುಂದದ ದಾರಿಯಲ್ಲಿ ಬಸ್ಸು ಧೂಳೆಬ್ಬಿಸುತ್ತ ತಿರುವು ದಾಟುತ್ತಿತ್ತು.

"ಮಾಳಿಂಗರಾಯ?" ಎಂದಳು, ಹಿಂದೆ ಬಂದ ಮುದುಕನ ಕಡೆ ತಿರುಗಿ. "ಆ ಅರ್ಜಿ ಎಲ್ಲೈತಿ?"

"ಅವನ ಕಿಸೇದಾಗ್ರಿ," ಎಂದ ಬೀರಲಿಂಗಪ್ಪ. "ಮುಂಜಾನೇನ ನನ್ನ ಸಹಿ ಮಾಡಿಸಿ ಇಟ್ಕೊಂಡಾನ."

ಅರ್ಜಿಯಲ್ಲಿದ್ದ ಹೆಸರನ್ನು ಯಾರೂ ಇನ್ನೂ ಹೊಡೆದು ಹಾಕಿರಲಿಲ್ಲ. ಆ ಹೆಸರಿನ ಹೆಂಗಸು ನಡುಮನೆಯಲ್ಲಿ, ಜೀವನದಲ್ಲಿ ಮೊದಲ ಸಲ ಒಳಗೆ ಕಾಲಿಟ್ಟ ಜಾಗದಲ್ಲಿ, ಮೀನಿನ ಡಬ್ಬಿಯನ್ನು ಮತ್ತೆ ಕೈಗೆತ್ತಿಕೊಂಡು ನಿಂತಿದ್ದಳು.